ಕಪ್ಪು ಪರದೆಯ ಪಾಠಶಾಲೆ

ಬಹಳ ಹಿಂದೆ, ಅಂದರೆ ನಮ್ಮ ನಿಮ್ಮ ಕಾಲದಲ್ಲಂತೂ ಖಂಡಿತ ಅಲ್ಲ, ತಥಾಸ್ತು ಎಂಬ ರಾಜ್ಯವೊಂದಿತ್ತು. ಅದನ್ನಾಳುತ್ತಿದ್ದ ಕೀರ್ತಿಕೇಸರಿ ಮಹಾರಾಜನಿಗೆ ಪ್ರಜೆಗಳನ್ನು ಕಂಡರೆ ಬಹಳ ಪ್ರೀತಿ, ದೂರದಿಂದ. ಒಂದು ದಿನ ಉಪಾಹಾರದ ನಡುವೆ ಅವನಿಗೆ ಹೊಳೆಯಿತು: ನಾಡಿನ ನಾನೂರ ಹನ್ನೆರಡು ಶಾಲೆಗಳಿಗೂ ಆಸ್ಥಾನ ವಿದ್ವಾಂಸರೇ ಅರಮನೆಯಿಂದ ಲೈವ್ ವಿಡಿಯೊ ಕಾಲ್‌ನಲ್ಲಿ ಪಾಠ ಹೇಳಬೇಕು.

"ಪ್ರಭೂ, ಸಾಕ್ಷಾತ್ ಸರಸ್ವತಿಗೂ ಇದು ಹೊಳೆದಿರಲಿಲ್ಲ" ಎಂದ ವಿದ್ಯಾಮಂತ್ರಿ ಅನುಮೋದನಾಚಾರ್ಯ. "ಆಕೆಯ ಬಳಿ ವೀಣೆಯಿದೆ, ನೆಟ್‌ವರ್ಕ್ ಇಲ್ಲ."

ಹೀಗೆ ಗಡಿಯಂಚಿನ ಮುಳ್ಳಿಹಾಳದ ಶಾಲೆಗೂ ಗೋಡೆಯಗಲದ ಪರದೆ ಬಂತು. ಅಲ್ಲಿನ ಒಬ್ಬಳೇ ಶಿಕ್ಷಕಿ ಸಾವಂತ್ರವ್ವನಿಗೆ 'ಪರದೆ ಪಾಲಕಿ' ಎಂಬ ಹೊಸ ಹುದ್ದೆಯೂ ಬಂತು. ದೂಳು ಒರೆಸುವುದು ಅವಳ ಕರ್ತವ್ಯ, ಪಾಠ ಹೇಳುವುದು ಅಲ್ಲ. ಅವಳಿಗಿದ್ದದ್ದು ಒಂದೇ ಆಸೆ. ತನ್ನ ಹತ್ತೊಂಬತ್ತು ಮಕ್ಕಳು ಭಾಗಾಕಾರ, ಭಿನ್ನರಾಶಿ ಕಲಿತು ಪರೀಕ್ಷೆ ಪಾಸಾಗಿ ಪಟ್ಟಣದ ದೊಡ್ಡ ಶಾಲೆ ಸೇರಬೇಕು. ಮುಳ್ಳಿಹಾಳದಿಂದ ಅಲ್ಲಿಗೆ ಈವರೆಗೆ ಯಾರೂ ಹೋಗಿರಲಿಲ್ಲ.

ವಿದ್ವಾಂಸರು ಪರದೆಯ ಮೇಲೆ ಪ್ರತ್ಯಕ್ಷರಾದರು. ಅವರ ಹಿಂದೆ ಸಿಂಹಾಸನ ಕಾಣುತ್ತಿತ್ತು. ಸಿಂಹಾಸನದ ಮುಂದೆ ಪ್ರಜೆಗಳು ಬಾಯಿ ಬಿಡಬಾರದೆಂಬುದು ಆ ರಾಜ್ಯದ ಸಂಪ್ರದಾಯವಾದ್ದರಿಂದ ಎಲ್ಲ ಶಾಲೆಗಳ ಮೈಕನ್ನೂ ಅರಮನೆಯಿಂದಲೇ ಮ್ಯೂಟ್ ಮಾಡಲಾಗಿತ್ತು.

"ಮಕ್ಕಳೇ, ನಮ್ಮ ದನಿ ಕೇಳಿಸುತ್ತಿದೆಯೆ?" ಎಂದರು ವಿದ್ವಾಂಸರು.

"ಕೇಳಾಕತ್ತೈತ್ರೀ!" ಎಂದು ಹತ್ತೊಂಬತ್ತು ಮಕ್ಕಳೂ ಕೂಗಿದರು. ಅರಮನೆಗೆ ಒಂದಕ್ಷರವೂ ತಲುಪಲಿಲ್ಲ. ಉತ್ತರ ಬಾರದೆ ಪಾಠ ಆರಂಭಿಸುವವರಲ್ಲ ವಿದ್ವಾಂಸರು, ಶಿಸ್ತಿನವರು. ಮತ್ತೆ ಕೇಳಿದರು. ಮೂರು ವಾರ ಅದನ್ನೇ ಕೇಳಿದರು.

"ಅಕ್ಕೋರ, ಈ ಅಜ್ಜಾರಿಗೆ ಕಿವಿ ಕೇಳಂಗಿಲ್ಲೇನ್ರಿ?" ಎಂದಳು ನಾಲ್ಕನೆಯ ತರಗತಿಯ ಗೌರವ್ವ.

ಸಾವಂತ್ರವ್ವನಿಗೆ ನಗು ಬರಲಿಲ್ಲ, ಮೈಯೆಲ್ಲ ಉರಿಯಿತು. ಎದ್ದು ಹೋಗಿ ಪರದೆಯ ಸ್ವಿಚ್ ಆಫ್ ಮಾಡಿದಳು. ಎಂಬತ್ನಾಲ್ಕು ಹುಣಸೆ ಬೀಜಗಳನ್ನು ನೆಲಕ್ಕೆ ಸುರುವಿ, "ಆರು ಮಂದಿಗೆ ಸಮ ಹಂಚ್ರಿ ನೋಡೋಣು" ಎಂದಳು.

ಅತ್ತ ಅರಮನೆಯ ಗೋಡೆಯ ಮೇಲೆ ಶಾಲೆಗೊಂದರಂತೆ ನಾನೂರ ಹನ್ನೊಂದು ಚೌಕಗಳು ಬೆಳಗುತ್ತಿದ್ದವು, ಒಂದು ಮಾತ್ರ ಕಪ್ಪಗಿತ್ತು. ರಾಜ ಅದರತ್ತ ಬೆರಳು ತೋರಿಸಿದ್ದೇ ತಡ, ಮಂತ್ರಿ ಪಲ್ಲಕ್ಕಿಯೇರಿ ಮುಳ್ಳಿಹಾಳಕ್ಕೆ ಬಂದಿಳಿದ. ಮಕ್ಕಳನ್ನು ನಿಲ್ಲಿಸಿ, "ಎಂಬತ್ನಾಲ್ಕನ್ನು ಆರರಿಂದ ಭಾಗಿಸಿದರೆ?" ಎಂದು ಕೇಳಿದ.

"ಹದಿನಾಕ್ರೀ" ಎಂದಳು ಗೌರವ್ವ. ಮಂತ್ರಿ ತಾನು ಉತ್ತರ ಬರೆದು ತಂದಿದ್ದ ಚೀಟಿ ನೋಡಿಕೊಂಡು ಬೆಚ್ಚಿಬಿದ್ದ.

"ಯಾರು ಕಲಿಸಿದರು?"

"ನಾನ ರೀ. ತಪ್ಪಾಗಿದ್ರ ನನ್ನ ಕೆಲಸದಿಂದ ತಗೀರಿ. ಹುಡುಗ್ರಿಗೆ ಏನೂ ಅನ್ನಬ್ಯಾಡ್ರಿ" ಎಂದಳು ಸಾವಂತ್ರವ್ವ.

ಮಂತ್ರಿ ತಪಾಸಣಾ ನಮೂನೆ ಬಿಡಿಸಿದ. ಅದರಲ್ಲಿ ಪರದೆಯ ಸ್ಥಿತಿ, ವಿದ್ಯುತ್, ನೆಟ್‌ವರ್ಕ್, ಮಕ್ಕಳು, ಕಲಿಕೆ ಎಂಬ ಕಾಲಂಗಳಿದ್ದವು. ಲೈವ್ ಪಾಠ ಬಂದ ದಿನವೇ ಶಿಕ್ಷಕರ ಕಾಲಂ ತೆಗೆದುಹಾಕಲಾಗಿತ್ತು. ತಥಾಸ್ತು ರಾಜ್ಯದಲ್ಲಿ ನಮೂನೆಯಲ್ಲಿ ಇಲ್ಲದ್ದು ನೆಲದ ಮೇಲೂ ಇರುವಂತಿಲ್ಲ.

"ನಿಮ್ಮನ್ನು ಎಲ್ಲಿ ಬರೆಯಲಿ ತಾಯಿ?" ಎಂದು ಮಂತ್ರಿ ನಿಜವಾಗಿಯೂ ಪೇಚಾಡಿದ. ಕೊನೆಗೆ ಪರದೆಯ ಸ್ಥಿತಿ ಎಂಬಲ್ಲಿ 'ಕಪ್ಪು' ಎಂದೂ ಕಲಿಕೆ ಎಂಬಲ್ಲಿ 'ನೂರಕ್ಕೆ ನೂರು' ಎಂದೂ ಬರೆದುಕೊಂಡು ಹೊರಟ.

ಉಳಿದ ಶಾಲೆಗಳ ನಮೂನೆಗಳೂ ಬಂದು ಸೇರಿದ ಮೇಲೆ ಆಸ್ಥಾನದಲ್ಲಿ ಮಂತ್ರಿಯ ವರದಿ ಮಂಡನೆಯಾಯಿತು. "ಪ್ರಭೂ, ಪರದೆ ಬೆಳಗುವ ನಾನೂರ ಹನ್ನೊಂದು ಶಾಲೆಗಳಲ್ಲಿ ಕಲಿಕೆ ಸೊನ್ನೆ. ಕಪ್ಪಗಿರುವ ಒಂದರಲ್ಲಿ ಪರಿಪೂರ್ಣ. ಇದು ನನ್ನ ಅಭಿಪ್ರಾಯವಲ್ಲ, ಡೇಟಾ."

ರಾಜ ಕಣ್ಣು ಮುಚ್ಚಿದ, ತೆರೆದ. "ಹಾಗಾದರೆ ಕಪ್ಪು ಪರದೆಯೇ ಪರಮಗುರು" ಎಂದ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ವಿದ್ವಾಂಸರೂ ತಟ್ಟಿದರು, ಅವರ ಗಂಟಲಿಗೆ ವಿಶ್ರಾಂತಿ ಬೇಕಿತ್ತು.

ಅಂದೇ ರಾಜಾಜ್ಞೆ ಹೊರಟಿತು. ಎಲ್ಲ ಶಾಲೆಗಳ ಪರದೆ ಆಫ್ ಆಗಿರತಕ್ಕದ್ದು. ಪರದೆಯ ಕಪ್ಪಿನ ಗುಣಮಟ್ಟ ಕಾಪಾಡಲು ಕಿಟಕಿಗಳನ್ನು ಮುಚ್ಚತಕ್ಕದ್ದು, ಅದಕ್ಕಾಗಿ ಪ್ರಜೆಗಳು ಮನೆಗೊಂದು ಕಂಬಳಿ ಒಪ್ಪಿಸತಕ್ಕದ್ದು. ಕತ್ತಲಲ್ಲಿ ದೂಳು ಕಾಣದ ಕಾರಣ ಪರದೆ ಪಾಲಕಿಯರ ಹುದ್ದೆ ರದ್ದು. ಪರದೆಯ ಹೊರತು ಯಾರೇ ಪಾಠ ಹೇಳಿದರೂ ರಾಜದ್ರೋಹ. ಈ ಸಾಧನೆಗಾಗಿ ಮಹಾರಾಜನಿಗೆ 'ಜ್ಞಾನತಿಮಿರ ಚಕ್ರವರ್ತಿ' ಎಂಬ ಬಿರುದನ್ನಿತ್ತು ಎರಡನೆಯ ಕಿರೀಟ ತೊಡಿಸಲಾಯಿತು.

ಮುಳ್ಳಿಹಾಳದ ಮುದುಕರು ಆ ಚಳಿಗಾಲವನ್ನು ಗೋಣಿಚೀಲ ಹೊದ್ದು ಕಳೆದರು. ಸಾವಂತ್ರವ್ವ ಭಿನ್ನರಾಶಿ ಹೇಳಿಕೊಡಬೇಕೆಂದು ಶಾಲೆಯ ಬಾಗಿಲಿಗೆ ಹೋದರೆ, "ಸದ್ದು ಮಾಡಬ್ಯಾಡವಾ, ಒಳಗ ಪಾಠ ನಡದೈತಿ" ಎಂದು ಕಾವಲುಗಾರ ತಡೆದ.

ದೊಡ್ಡ ಶಾಲೆಯ ಪರೀಕ್ಷೆಯೂ ಕತ್ತಲಲ್ಲೇ ನಡೆಯಿತು. ಯಾರು ಏನು ಬರೆದರೆಂದು ಕಾಣದ್ದರಿಂದ ನಾಡಿನ ಅಷ್ಟೂ ಮಕ್ಕಳು ಮೊದಲ ದರ್ಜೆಯಲ್ಲಿ ಪಾಸಾದರು. ಗೌರವ್ವ ಓಡೋಡಿ ಸಾವಂತ್ರವ್ವನ ಮನೆಗೆ ಬಂದಳು.

"ಅಕ್ಕೋರ, ನಾ ಪಾಸಾದ್ನಿರೀ! ದೊಡ್ಡ ಸಾಲ್ಯಾಗ ಏನೇನ್ ಕಲಸ್ತಾರ್ರಿ?"

ಸಾವಂತ್ರವ್ವನಿಗೆ ದುಃಖ ಒತ್ತರಿಸಿ ಬಂತು. ಹುಡುಗಿಯ ಜಡೆ ಸರಿಮಾಡುತ್ತ ಹೇಳಿದಳು:

"ಇನ್ನೂ ಆರು ವರ್ಷ ಸುಮ್ಮನ ಕುಂದ್ರೂದು ಕಲಸ್ತಾರವ್ವಾ."