ಫೆಬ್ರವರಿಯ ‘ಆರ್’

ನೀರಿನ ಟ್ಯಾಂಕಿನ ಉದ್ಘಾಟನೆಗೆ ಒಂದೇ ದಿನ ಉಳಿದಿತ್ತು. ಕಲ್ಲುಕುಟಿಗ ಫಲಕದ ಕಲ್ಲಿನಲ್ಲಿ ದೊಡ್ಡವರ ಹೆಸರುಗಳನ್ನೆಲ್ಲ ಕೆತ್ತಿ ಮುಗಿಸಿದ್ದ. ಅಡಿಯಲ್ಲಿ ಕೂರಿಸುವ ತಾರೀಕಿನ ಕಲ್ಲುಪಟ್ಟಿಯೊಂದು ಬಾಕಿ. ಬೆಳಿಗ್ಗೆ ಇಂಜಿನಿಯರು ಚೀಟಿ ಕಳಿಸಿದರು: ಹನ್ನೆರಡನೇ ತಾರೀಕು, ಎರಡನೇ ತಿಂಗಳು, ತಿಂಗಳ ಹೆಸರು ಇಂಗ್ಲಿಷಿನಲ್ಲೇ ಇರಲಿ, ಘನತೆ ಇರುತ್ತೆ.

ಘನತೆಯ ಕಾಗುಣಿತ ಮಾತ್ರ ಚೀಟಿಯಲ್ಲಿರಲಿಲ್ಲ. ಇಪ್ಪತ್ತು ವರ್ಷ ಒರಳು, ಬೀಸುಕಲ್ಲು ಕಡೆದವನಿಗೆ ಇದು ಮೊದಲ ಸರ್ಕಾರಿ ಕಲ್ಲು. ಇದೊಂದು ನೆಟ್ಟಗಾದರೆ ಮುಂದಿನ ಕಲ್ಲುಗಳೆಲ್ಲ ತನಗೇ ಎಂಬ ಆಸೆ ಬೇರೆ. ಇಂಜಿನಿಯರನ್ನೇ ಕೇಳಿದರೆ ದಡ್ಡನೆಂದು ಗೊತ್ತಾಗಿಬಿಡುತ್ತದೆ. ಎದುರುಗಡೆ ಮಾತ್ರೆ ಅಂಗಡಿಯವನನ್ನು ಕೇಳಿದ. ದಿನಾ ವೈದ್ಯರ ಕೋಳಿಕಾಲಿನ ಬರಹ ಓದುವವನು, ತಿಂಗಳೇನು ಮಹಾ ಎಂದು ಬಾಯಲ್ಲಿ ‘ಫೆ-ಬ್ರ-ವ-ರಿ’ ಎಂದುಕೊಳ್ಳುತ್ತ ಔಷಧಿ ಪೊಟ್ಟಣದ ಮೇಲೆ ಬರೆದುಕೊಟ್ಟ. ಮಧ್ಯಾಹ್ನದ ಹೊತ್ತಿಗೆ ಅಕ್ಷರಗಳು ಕಲ್ಲಿಗೆ ಇಳಿದವು.

ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಬಂದರು. ಪಟ್ಟಿ ನೋಡಿದವರೇ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

“ಇದ್ರಲ್ಲಿ ‘ವಿ’ ಯಾಕಯ್ಯ ಬಂತು?”

“ವ ಅಂತ ಕೇಳ್ಸುತ್ತಲ್ಲ ಮೇಷ್ಟ್ರೇ.”

“ಕಿವಿಗೆ ಕೇಳಿಸೋದೆಲ್ಲ ಇಂಗ್ಲಿಷಲ್ಲಿ ಬರೆಯಲ್ಲ. ಕೇಳಿಸದೇ ಇರೋದನ್ನ ಬರೀತಾರೆ.”

ಕಲ್ಲುಕುಟಿಗ ನಿಟ್ಟುಸಿರುಬಿಟ್ಟು ಪಟ್ಟಿಯನ್ನು ಮಗುಚಿದ. ಹಿಂಬದಿಯನ್ನು ಉಜ್ಜಿ ನುಣುಪು ಮಾಡುವಷ್ಟರಲ್ಲಿ ರಟ್ಟೆ ಬಿದ್ದುಹೋಯಿತು. ಮೇಷ್ಟ್ರು ಕುರ್ಚಿ ತರಿಸಿಕೊಂಡು ಪಾಠಕ್ಕೆ ಕೂತರು. ‘ಬಿ’ ಆದಮೇಲೆ ಒಂದು ‘ಆರ್’, ಅದನ್ನು ಬಿಟ್ಟವನು ಮನುಷ್ಯನೇ ಅಲ್ಲ ಎಂದರು. ಅವನು ಒಂದೊಂದು ಪೆಟ್ಟಿಗೂ ಒಂದೊಂದು ಅಕ್ಷರ ಹೇಳಿಕೊಂಡು ಕೆತ್ತಿದ. ಸಂಜೆಗೆ ಅವನ ಹೆಂಡತಿಗೂ ಪಾಠ ಬಾಯಿಗೆ ಬಂದಿತ್ತು. ಎಂಟು ಅಕ್ಷರ, ಸಾಲಾಗಿ, ಹೊಸ ಮದುಮಕ್ಕಳಂತೆ ನಿಂತಿದ್ದವು. ಕಲ್ಲುಕುಟಿಗ ಬೆರಳಿಟ್ಟು ಒಂದೊಂದನ್ನೂ ಓದಿದ. ಜೀವಮಾನದಲ್ಲಿ ಮೊದಲ ಸಲ ಇಂಗ್ಲಿಷ್ ಅವನ ಮಾತು ಕೇಳಿತ್ತು.

ಕತ್ತಲಾಗುವ ಮುಂಚೆ ಇಂಜಿನಿಯರು ಬಂದರು. ಜೇಬಿನಿಂದ ಆಮಂತ್ರಣದ ಕಾರ್ಡು ತೆಗೆದು ಪಟ್ಟಿಯ ಪಕ್ಕ ಹಿಡಿದರು. ಮುಖ ಹುಳ್ಳಗಾಯಿತು.

“ಕಾರ್ಡಲ್ಲಿ ಏಳು ಅಕ್ಷರ ಇದೆ, ನಿನ್ನ ಕಲ್ಲಲ್ಲಿ ಎಂಟು. ಈ ‘ಆರ್’ ಎಲ್ಲಿಂದ ತಂದೆ?”

“ಇರಬೇಕು ಸಾರ್, ಮೇಷ್ಟ್ರೇ ಹೇಳಿದ್ದು.”

ಕಾರ್ಡಿನ ಒಕ್ಕಣೆ ದೊಡ್ಡ ಸಾಹೇಬರ ಸ್ವಂತ ಕೈಬರಹವೆಂದೂ, ಅಚ್ಚಾಗಿ ಊರಿಗೆಲ್ಲ ಹಂಚಿ ಆಗಿದೆಯೆಂದೂ ಇಂಜಿನಿಯರು ತಿಳಿಸಿದರು. ಆಮೇಲೆ ಮೆತ್ತಗೆ ಕೇಳಿದರು, “ಸಾವಿರ ಕಾರ್ಡು ತಪ್ಪೋ, ನಿನ್ನ ಒಂದು ಕಲ್ಲು ತಪ್ಪೋ?”

ಕಲ್ಲುಕುಟಿಗ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಕಾರ್ಡು ನೋಡುತ್ತಿದ್ದರು. ಗಣ್ಯ ಅತಿಥಿಗಳ ಸಾಲಿನ ಕೊನೆಯಲ್ಲಿ ಅವರ ಹೆಸರೂ ಇತ್ತು.

“ಹಾಗೂ ಬರೀತಾರಪ್ಪ,” ಎಂದು ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. “ಹೊಸ ಪದ್ಧತಿ.”

ಪಟ್ಟಿಗೆ ಮೂರನೇ ಮುಖ ಇರಲಿಲ್ಲ. ಕಲ್ಲಿನ ಪುಡಿಗೆ ಅಂಟು ಕಲಸಿ ಆ ‘ಆರ್’ ಇದ್ದ ಗುಂಡಿ ಮೆತ್ತಿದ. ಹಲ್ಲು ಬಿದ್ದ ಬಾಯಂತೆ ನಡುವೆ ಸಂದು ಉಳಿಯಿತು. ಮರುದಿನ ಪರದೆ ಸರಿಯಿತು, ಚಪ್ಪಾಳೆ ಬಿತ್ತು, ಯಾರೂ ಓದಲಿಲ್ಲ.

ಓದಿದ್ದು ಮುಂದಿನ ವಾರ. ಕಲ್ಲುಕುಟಿಗ ಟ್ಯಾಂಕಿನ ಹತ್ತಿರ ಹಾದುಹೋಗುವಾಗ ಮೇಷ್ಟ್ರು ಮನೆಪಾಠದ ಮಕ್ಕಳನ್ನು ಕಲ್ಲಿನ ಮುಂದೆ ಸಾಲಾಗಿ ನಿಲ್ಲಿಸಿಕೊಂಡು, ಕೋಲಿನಿಂದ ಆ ಸಂದನ್ನೇ ತೋರಿಸುತ್ತಿದ್ದರು.

“ನೋಡಿದ್ರಾ ಮಕ್ಕಳೇ, ಓದು ಬರದವನ ಕೈಗೆ ಉಳಿ ಕೊಟ್ರೆ ಹೀಗಾಗುತ್ತೆ.”