ತಮ್ಮನ ಲಾರಿ ಮತ್ತು ನನ್ನ ಅಪ್‌ಡೇಟ್

ನನ್ನ ತಮ್ಮನನ್ನು ಅವನಿಗೆ ನಿಶ್ಚಯವಾದ ಹುಡುಗಿ ಸುಳ್ಳುಗಾರ ಎಂದು ಕರೆದ ಸಂಜೆ ನಾನು ಅವನ ಬೆನ್ನ ಹಿಂದೆಯೇ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದೆ. “ಅವನಲ್ಲ, ನಾನು” ಎಂದು ಒಂದು ಮಾತು ಹೇಳಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ನಾನು ಹೇಳಲಿಲ್ಲ. ಬೆಳ್ಳುಳ್ಳಿ ಮಾತ್ರ ಸುಲಿದೆ. ಬರುವ ಕ್ರಿಸ್ಮಸ್‌ವರೆಗೆ ಸಾಕಾಗುವಷ್ಟು ಸುಲಿದೆ. ಅಳುಕು ಹುಟ್ಟಿದಾಗ ನನ್ನ ಕೈ ಸುಮ್ಮನಿರುವುದಿಲ್ಲ, ಬಾಯಿ ಸುಮ್ಮನಿರುತ್ತದೆ. ಉಳಿದ ದಿನಗಳಲ್ಲಿ ಇದರ ಉಲ್ಟಾ ಎಂದು ನನ್ನ ಗಂಡ ಹೇಳುತ್ತಾರೆ.

ನನ್ನ ಪರಿಚಯ ಹೇಳಿಬಿಡುತ್ತೇನೆ, ಇಲ್ಲವಾದರೆ ನಾನು ಏನೋ ದೊಡ್ಡ ಕಂಪ್ಯೂಟರ್ ಪಂಡಿತೆ ಎಂದು ನೀವು ತಿಳಿದೀರಿ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಉಡುಪಿ ಕಡೆಯ ನಮ್ಮ ಮನೆಯ ಜಗಲಿಯಲ್ಲಿ ಬೀಡಿ ಕಟ್ಟಲು ಕೂತವಳು. ತಮ್ಮ ವಿಲ್ಫಿ ಐಟಿಐವರೆಗೆ ಓದಿದ. ಈಗ ಇಬ್ಬರೂ ಸೌದಿಯ ರಾಸ್ ತನೂರಾದಲ್ಲಿ ಇದ್ದೇವೆ. ಅವನಿಗೆ ರಿಫೈನರಿಯೊಳಗೆ ಕಾಂಟ್ರಾಕ್ಟ್ ಕಂಪೆನಿಯ ಟೆಕ್ನೀಶಿಯನ್ ಕೆಲಸ, ಕ್ಯಾಂಪಿನಲ್ಲಿ ವಾಸ. ನಾನು ಗಂಡನ ಜೊತೆ ಊರೊಳಗಿನ ಸಣ್ಣ ಫ್ಲಾಟಿನಲ್ಲಿದ್ದುಕೊಂಡು ಅಕ್ಕಪಕ್ಕದ ಹೆಂಗಸರ ಬಟ್ಟೆ ಹೊಲಿದುಕೊಡುತ್ತೇನೆ. ಕ್ಯಾಂಪಿನ ಕೋಣೆಯಲ್ಲಿ ಕಾಲು ಚಾಚಲೂ ಜಾಗವಿಲ್ಲದ ಕಾರಣ ವಿಲ್ಫಿಯ ದೊಡ್ಡ ಕಂಪ್ಯೂಟರು ನಮ್ಮ ಹಾಲಿನಲ್ಲಿ, ನನ್ನ ಹೊಲಿಗೆ ಮೆಷಿನಿನ ಪಕ್ಕದಲ್ಲಿದೆ. ಇಲ್ಲಿನ ಧೂಳಿಗೆ ಹೆದರಿ ನಾನು ಅದಕ್ಕೊಂದು ಲೇಸು ಇಟ್ಟ ನೆರಿಗೆಯ ಗೌಸನ್ನೂ ಹೊಲಿದು ಹಾಕಿದ್ದೆ. “ಅಕ್ಕ, ಅದಕ್ಕೆ ಉಸಿರಾಡ್ಲಿಕ್ಕೆ ಬೇಡವಾ?” ಎಂದು ಅವನು ತೆಗೆದು ಬದಿಗಿಟ್ಟ. ಪ್ರತಿ ವಾರ ಅವನು ತೆಗೆಯುವುದು, ಅವನು ಹೋದ ಮೇಲೆ ನಾನು ಮತ್ತೆ ತೊಡಿಸುವುದು.

ಎಲ್ಲರ ಕಂಪ್ಯೂಟರಿನಲ್ಲಿ ವಿಂಡೋಸ್ ಇದ್ದರೆ ಇವನದರಲ್ಲಿ ಲಿನಕ್ಸ್. ಅದನ್ನು ಹಾಕಿಸಿದವಳು ಪ್ರೀಮಾ, ಅಂದರೆ ನಿಶ್ಚಯವಾದ ಆ ಹುಡುಗಿ. ಉಡುಪಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಾಳೆ. ಒಳ್ಳೆಯ ಹುಡುಗಿ, ಆದರೆ ವಿಂಡೋಸ್ ಎಂದರೆ ನನ್ನ ಅತ್ತೆ ಹೋಟೆಲಿನ ಸಾರಿನ ಬಗ್ಗೆ ಮಾತಾಡುವ ಹಾಗೆ ಮಾತಾಡುತ್ತಾಳೆ. ಮದುವೆ ಬರುವ ಮೇ ತಿಂಗಳಲ್ಲಿ. ಇವರಿಬ್ಬರಿಗೂ ಫೋನಿನಲ್ಲಿ ಮಾತಾಡಲು ಬರುವುದಿಲ್ಲ. “ಊಟ ಆಯ್ತಾ?” “ಆಯ್ತು. ನಿಮ್ಮದು?” “ಆಯ್ತು.” ಆಮೇಲೆ ಇವನು ಅಲ್ಲಿಯ ಫ್ಯಾನಿನ ಸದ್ದನ್ನು, ಅವಳು ಇಲ್ಲಿಯ ಏಸಿಯ ಸದ್ದನ್ನು ಕೇಳುತ್ತಾ ಕೂರುವುದು. ಹೀಗಾದರೆ ಇವರು ಸಂಸಾರ ಮಾಡುವುದು ಹೇಗೆ ಎಂದು ನನಗೆ ಚಿಂತೆಯಾಗಿತ್ತು.

ಆಗ ಬಂತು ಲಾರಿ ಆಟ. ಕಂಪ್ಯೂಟರಿನಲ್ಲಿ ದೊಡ್ಡ ದೊಡ್ಡ ಲಾರಿಗಳನ್ನು ಊರಿಂದೂರಿಗೆ ಓಡಿಸುವ ಆಟ. ಇವನ ರಜೆ ಶುಕ್ರವಾರ ಮತ್ತು ಶನಿವಾರ, ಅವಳದು ಶನಿವಾರ ಅರ್ಧ ದಿನ ಮತ್ತು ಭಾನುವಾರ. ಹಾಗಾಗಿ ಇಬ್ಬರಿಗೂ ಸಿಗುವುದು ಶನಿವಾರದ ಸಂಜೆ ಮಾತ್ರ. ಆ ಹೊತ್ತಿಗೆ ಅವಳು ಉಡುಪಿಯಲ್ಲಿ, ಇವನು ನಮ್ಮ ಹಾಲಿನಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಂದೇ ರಸ್ತೆಯಲ್ಲಿ ಹಿಂದೆ ಮುಂದೆ ಲಾರಿ ಬಿಡುತ್ತಿದ್ದರು. ಏನು ಮಾಯವೋ, ಸ್ಟಿಯರಿಂಗ್ ಕೈಗೆ ಬಂದದ್ದೇ ಇಬ್ಬರ ಬಾಯಿಯೂ ತೆರೆಯಿತು. ಒಬ್ಬರನ್ನೊಬ್ಬರು ನೋಡಬೇಕಾಗಿಲ್ಲವಲ್ಲ, ಕಣ್ಣು ರಸ್ತೆಯ ಮೇಲೆ. ರಿಫೈನರಿಯ ಎತ್ತರದ ಏಣಿ ಹತ್ತುವಾಗ ಕಾಲು ನಡುಗುತ್ತದೆ ಎಂದು ನನಗೂ ಹೇಳದ ವಿಷಯವನ್ನು ಅವನು ಅವಳಿಗೆ ಹೇಳಿದ. ಅವಳೂ ಏನೋ ಹೇಳಿದ್ದಿರಬೇಕು, ಅವನು ಲಾರಿಯನ್ನು ನಿಧಾನ ಮಾಡಿಬಿಟ್ಟ. “ನೀವು” ಹೋಗಿ “ನೀನು” ಬಂತು. ನಾನು ಹೊಲಿಗೆ ಮೆಷಿನು ತುಳಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದೆ. ಕದ್ದು ಕೇಳಿದ್ದಲ್ಲ, ದಾರ ಪೋಣಿಸುತ್ತಿದ್ದೆ.

ಇಲ್ಲಿಯವರೆಗೆ ನಾನು ಒಳ್ಳೆಯವಳೇ. ಇನ್ನು ಮುಂದೆ ಅಷ್ಟಿಲ್ಲ. ವಾರವಿಡೀ ಸುಮ್ಮನೆ ಕೂತಿರುವ ಆ ಲಾರಿಯನ್ನು ನೋಡಿ ನೋಡಿ ನನಗೂ ಆಸೆಯಾಯಿತು. ಇಲ್ಲಿ ಈಗ ಹೆಂಗಸರೂ ಕಾರು ಓಡಿಸುತ್ತಾರೆ, ಆದರೆ ನನಗೆ ಸೈಕಲೂ ಬಾರದು. ಗಂಡ ಕೆಲಸಕ್ಕೆ ಹೋದ ಮೇಲೆ, ಅನ್ನಕ್ಕಿಟ್ಟು, ನೈಟಿಯ ಮೇಲೊಂದು ಶಾಲು ಹೊದ್ದು ನಾನು ಕಂಪ್ಯೂಟರಿನ ಮುಂದೆ ಕೂರತೊಡಗಿದೆ. ಪಾಸ್‌ವರ್ಡ್ ನನಗೆ ಯಾರೂ ಹೇಳಲಿಲ್ಲ. ವಿಲ್ಫಿಗೆ ಟೈಪ್ ಮಾಡುವಾಗ ತುಟಿ ಅಲ್ಲಾಡಿಸುವ ಅಭ್ಯಾಸ. ಅದು ನಮ್ಮ ಅಮ್ಮನ ಹೆಸರು. ಅಮ್ಮನ ಹೆಸರು ಒತ್ತಿ ಕಳ್ಳದಾರಿಯಲ್ಲಿ ಒಳಗೆ ಹೋಗುವಾಗ ಮೊದಮೊದಲು ಬಾಗಿಲ ಕಡೆ ತಿರುಗಿ ತಿರುಗಿ ನೋಡುತ್ತಿದ್ದೆ, ಆಮೇಲೆ ಅದೂ ನಿಂತಿತು. ಕುಕ್ಕರು ಕೂಗುವುದರೊಳಗೆ ನಾನು ಹಿಮ ಬಿದ್ದ ಎಷ್ಟೋ ಊರುಗಳನ್ನು ದಾಟುತ್ತಿದ್ದೆ. ಮುಂದಕ್ಕೆ ಹೋಗುವುದನ್ನು ಚೆನ್ನಾಗಿ ಕಲಿತೆ. ಹಿಂದಕ್ಕೆ ತೆಗೆಯುವುದು ಮಾತ್ರ ಬರಲಿಲ್ಲ. ಹಾಗಾಗಿ ಹಿಂದಕ್ಕೆ ತೆಗೆಯಬೇಕಾದ ಕಡೆಗೆ ನಾನು ಹೋಗುತ್ತಲೇ ಇರಲಿಲ್ಲ, ಊರೆಲ್ಲ ಸುತ್ತಿ ಬಂದು ಲಾರಿಯನ್ನು ಅವನು ಬಿಟ್ಟ ಶೆಡ್ಡಿನ ಬಾಗಿಲಲ್ಲೇ ನಿಲ್ಲಿಸುತ್ತಿದ್ದೆ.

ಒಂದು ಮಂಗಳವಾರ ಬೆಳಿಗ್ಗೆ ಒಲೆಯ ಮೇಲಿನ ಸಾರು ಉಕ್ಕಿದ ವಾಸನೆ ಬಂತು. ತಿರುಗಿ ನೋಡಿದೆ. ಮತ್ತೆ ಈ ಕಡೆ ನೋಡುವಾಗ ಲಾರಿಯ ಮುಂದಿನ ಚಕ್ರಗಳು ರಸ್ತೆ ಬದಿಯಲ್ಲಿ ನೀರು ಹರಿಯುವ ತೋಡಿನೊಳಗಿದ್ದವು. ಮುಂದೆ ಹೋಗಲಿಕ್ಕಾಗದು, ಹಿಂದೆ ತೆಗೆಯಲು ನನಗೆ ಬಾರದು. ಗಾಬರಿಯಲ್ಲಿ ಆಟ ಮುಚ್ಚಿಬಿಟ್ಟೆ. ಆಗಲೇ ಪರದೆಯ ಮೂಲೆಯಲ್ಲಿ ಒಂದು ಸಣ್ಣ ಚೌಕ ಬಂದು, ಅಪ್‌ಡೇಟ್ ಇದೆ, ಮಾಡಲೇ ಎಂದು ಕೇಳಿತು.

ಅಪ್‌ಡೇಟ್ ಎಂಬ ಶಬ್ದಕ್ಕೆ ನಮ್ಮ ಮನೆಯಲ್ಲಿ ಇರುವ ಮರ್ಯಾದೆ ಬೇರೆ ಯಾವುದಕ್ಕೂ ಇಲ್ಲ. ಒಮ್ಮೆ ನನ್ನ ಗಂಡನ ಇಕಾಮಾ, ಅಂದರೆ ಇಲ್ಲಿ ಇರಲು ಕೊಡುವ ಕಾರ್ಡು, ಹೊಸದಾಯಿತು. ಬ್ಯಾಂಕಿನ ಆ್ಯಪಿನಲ್ಲಿ ಅದನ್ನು ಅಪ್‌ಡೇಟ್ ಮಾಡಲು ಅವರು ಮರೆತರು. ಖಾತೆ ನಿಂತುಹೋಯಿತು. ಸೂಪರ್‌ಮಾರ್ಕೆಟಿನಲ್ಲಿ ಗಾಡಿ ತುಂಬ ಸಾಮಾನು ಹಾಕಿ, ಕಾರ್ಡು ಉಜ್ಜಿ ಉಜ್ಜಿ, ಕೊನೆಗೆ ಕರಗುತ್ತಿದ್ದ ಮೀನನ್ನು ಅಲ್ಲೇ ಬಿಟ್ಟು, ಹಿಂದಿನ ಸಾಲಿನವರ ಮುಖ ನೋಡದೆ ನಾವು ಹೊರಗೆ ಬಂದೆವು. ಆ ದಿನದಿಂದ ಅವರದು ಒಂದೇ ಉಪದೇಶ: “ಎಂತದ್ದೇ ಆಗಲಿ, ಅಪ್‌ಡೇಟ್ ಅಂತ ಬಂದ್ರೆ ಕೂಡ್ಲೇ ಒತ್ತು. ಕೇಳ್ಲಿಕ್ಕೆ ನಿಲ್ಲಬೇಡ.” ಈ ದೇಶದಲ್ಲಿ ಎಷ್ಟೋ ಮನೆಗಳಲ್ಲಿ ಬೆಳಗಿನ ಪ್ರಾರ್ಥನೆಯಾದ ಮೇಲೆ ಜನ ಮಾಡುವ ಮೊದಲ ಕೆಲಸ ಅದೇ ಇರಬೇಕು. ನಾನೂ ಒತ್ತಿದೆ. ಅಪ್‌ಡೇಟ್ ಆದರೆ ಲಾರಿಯೂ ತೋಡಿನಿಂದ ಮೇಲೆ ಬಂದೀತು ಎಂಬ ಆಸೆಯೂ ಒಳಗೊಳಗೆ ಇತ್ತು. ಪಾಸ್‌ವರ್ಡ್ ಕೇಳಿತು. ಅಮ್ಮನ ಹೆಸರು ಕೊಟ್ಟೆ. ಅಕ್ಷರಗಳು ಓಡಿದವು, ಕಂಪ್ಯೂಟರು ಆರಿತು, ಹತ್ತಿತು, ಪರದೆ ಕಪ್ಪಾಯಿತು. ಕಪ್ಪಾಗಿಯೇ ಉಳಿಯಿತು. ನಾನು ಲೇಸಿನ ಗೌಸನ್ನು ತೊಡಿಸಿ ಅಡುಗೆಮನೆಗೆ ಹೋದೆ.

ಕಾರಣ ನನಗೆ ಶನಿವಾರ ತಿಳಿಯಿತು. ಕಂಪ್ಯೂಟರಿನ ಹೊಟ್ಟೆಯಲ್ಲಿ ಚಿತ್ರ ಮೂಡಿಸುವ ಒಂದು ಕಾರ್ಡಿದೆ. ಅದಕ್ಕೂ ಲಿನಕ್ಸಿಗೂ ನಡುವೆ ಮಾತುಕತೆ ನಡೆಸಿಕೊಡುವುದು ಗ್ರಾಫಿಕ್ಸ್ ಡ್ರೈವರ್, ಸಂಬಂಧ ಕುದುರಿಸುವವರ ಹಾಗೆ. ಅಪ್‌ಡೇಟ್ ಆಗಿ ಲಿನಕ್ಸ್ ಹೊಸದಾಯಿತು, ಡ್ರೈವರ್ ಹಳೆಯದೇ ಉಳಿಯಿತು. ಮಾತು ಮುರಿಯಿತು, ಚಿತ್ರ ನಿಂತಿತು. ಹೀಗಾಗುತ್ತದೆ ಎಂದು ಪ್ರೀಮಾ ಮೊದಲೇ ವಿಲ್ಫಿಗೆ ಹೇಳಿದ್ದಳಂತೆ: ಆ ಕಾರ್ಡಿಗೆ ಹೊಸ ಡ್ರೈವರ್ ಬರುವವರೆಗೆ ಅಪ್‌ಡೇಟ್ ಮಾಡಬೇಡ, ನಾನು ಹೇಳಿದ ಮೇಲೆ ಮಾಡು. ಅವನು ಆಗಲಿ ಎಂದು ಮಾತು ಕೊಟ್ಟಿದ್ದನಂತೆ.

ಆ ಶನಿವಾರ ಸಂಜೆ ಅವನು ಅವಳಿಗೆ ವೀಡಿಯೊ ಕಾಲ್ ಮಾಡಿ ಫೋನಿನ ಕ್ಯಾಮೆರಾದಲ್ಲಿ ಕಪ್ಪು ಪರದೆಯ ಮೇಲಿನ ಬಿಳಿ ಅಕ್ಷರಗಳನ್ನು ತೋರಿಸಿದ. ಅವಳಿಗೆ ಒಂದೇ ನೋಟಕ್ಕೆ ಗೊತ್ತಾಯಿತು. ಅಪ್‌ಡೇಟ್ ಮಾಡಿದ್ದೀಯಲ್ಲ ಎಂದಳು. ಇಲ್ಲ ಎಂದ. ಅದು ತಾನಾಗಿ ಆಗುವುದಿಲ್ಲ, ಯಾರಾದರೂ ಪಾಸ್‌ವರ್ಡ್ ಕೊಟ್ಟಿರಲೇಬೇಕು ಎಂದಳು. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ ಎಂದು ಇವನು ದೇವರಾಣೆ ಹಾಕಿದ. ಮನೆಯಲ್ಲಿ ಬೇರೆ ಯಾರಿದ್ದಾರೆ ಎಂದು ಅವಳು ಕೇಳಿದಾಗ ನನ್ನ ಕೈಯಲ್ಲಿದ್ದ ಬೆಳ್ಳುಳ್ಳಿ ಜಾರಿತು. ವಿಲ್ಫಿ ನಕ್ಕ. “ಅಕ್ಕನಾ? ಅಕ್ಕನಿಗೆ ಮೌಸಿನ ತಲೆ ಯಾವುದು, ಬಾಲ ಯಾವುದು ಅಂತ ಗೊತ್ತಿಲ್ಲ ಮಾರಾಯ್ತಿ.” ಹಿಮದಲ್ಲಿ ಎಷ್ಟೋ ಊರು ದಾಟಿದ ನನಗೆ ಆ ಮಾತಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸಮಾಧಾನ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅಪ್‌ಡೇಟ್ ಒಪ್ಪಿಕೊಂಡರೆ ಲಾರಿಯನ್ನೂ ಒಪ್ಪಿಕೊಳ್ಳಬೇಕು, ಲಾರಿ ಒಪ್ಪಿಕೊಂಡರೆ ಈ ವಯಸ್ಸಿನಲ್ಲಿ ನೈಟಿಯಲ್ಲಿ ಕೂತು ಆಟವಾಡಿದ್ದನ್ನು ಒಪ್ಪಿಕೊಳ್ಳಬೇಕು. ನಾನು ಇನ್ನೊಂದು ಬೆಳ್ಳುಳ್ಳಿ ತೆಗೆದುಕೊಂಡೆ. ಆಗಲೇ ಅವಳು ಸುಳ್ಳುಗಾರ ಎಂಬ ಆ ಮಾತು ಅಂದಳು. ಅಂದು, ಫೋನಿಟ್ಟಳು.

ಮುಂದಿನ ಶನಿವಾರ ಅವನು ಹಟಕ್ಕೆ ಬಿದ್ದು ಅವಳನ್ನು ಕೇಳದೆಯೇ ರಿಪೇರಿಗೆ ಕೂತ. ಮಧ್ಯಾಹ್ನದಿಂದ ಸಂಜೆವರೆಗೆ ಡ್ರೈವರನ್ನು ತೆಗೆದ, ಹಾಕಿದ, ಮತ್ತೆ ತೆಗೆದ. ಪರದೆ ಜಗ್ಗಲಿಲ್ಲ. ನಾನು ಅವನ ಮುಂದೆ ಬಂಗುಡೆ ಹುರಿದಿಟ್ಟೆ, ನೀರುದೋಸೆ ಇಟ್ಟೆ, ಮತ್ತೆ ಬಂಗುಡೆ ಇಟ್ಟೆ. “ಇವತ್ತೆಂತ ಅಕ್ಕ, ಯಾರಾದ್ರೂ ಬರ್ತಾರಾ?” ಎಂದು ಕೇಳಿದ. ತಪ್ಪೊಪ್ಪಿಗೆಯನ್ನು ಹುರಿದು ಬಡಿಸಬಹುದಾಗಿದ್ದರೆ ಅವತ್ತೇ ನಾನು ಪೂರ್ತಿ ಶುದ್ಧಳಾಗುತ್ತಿದ್ದೆ.

ಅದಾದ ವಾರದ ನಡುವೆ ಪ್ರೀಮಾ ನನಗೇ ಫೋನ್ ಮಾಡಿದಳು. ಹುಡುಗಿಯ ದನಿ ಸಣ್ಣದಾಗಿತ್ತು. “ಹಿಲ್ಡಕ್ಕ, ಅಪ್‌ಡೇಟ್ ಮಾಡಿದ್ರೆ ಮಾಡ್ಲಿ. ಅದಲ್ಲ ನನ್ನ ಬೇಜಾರು. ಇಷ್ಟು ಸಣ್ಣ ವಿಷಯಕ್ಕೆ ಆಣೆ ಹಾಕಿ ಸುಳ್ಳು ಹೇಳುವವರು ನಾಳೆ ದೊಡ್ಡ ವಿಷಯಕ್ಕೆ ಎಂತ ಮಾಡಿಯಾರು? ಮೇ ತಿಂಗಳ ಮದುವೆ ಸ್ವಲ್ಪ ಮುಂದಕ್ಕೆ ಹೋಗ್ಲಿ ಅಂತ ಅಪ್ಪನಿಗೆ ಹೇಳುವಾ ಅಂತ ಉಂಟು.” ನಾನು ಬಾಯಿ ತೆರೆದೆ. ಸತ್ಯವಾಗಿ ತೆರೆದೆ. ಹೊರಗೆ ಬಂದದ್ದು, ಅಲ್ಲಿ ಈಗ ಮೀನಿಗೆ ಏನು ರೇಟು ಎಂಬ ಪ್ರಶ್ನೆ. ಪಾಪ, ಅವಳು ಅದಕ್ಕೂ ಉತ್ತರ ಹೇಳಿದಳು.

ಮತ್ತೆ ಬಂದ ಶನಿವಾರ ವಿಲ್ಫಿ ಕಿಸೆಯಲ್ಲಿ ವಿಂಡೋಸಿನ ಪೆನ್ ಡ್ರೈವ್ ಇಟ್ಟುಕೊಂಡು ಬಂದ. ಎಲ್ಲ ಅಳಿಸಿ ಹಾಕುತ್ತೇನೆ, ಪ್ರೀಮಾಗೂ ಮೆಸೇಜ್ ಹಾಕಿದ್ದೇನೆ ಎಂದ. ಲಿನಕ್ಸ್ ಹೋಗುತ್ತದೆ, ಲಾರಿ ಹೋಗುತ್ತದೆ, ನನ್ನ ಕಳ್ಳತನವೂ ಹೋಗುತ್ತದೆ ಎಂದು ನನ್ನ ಮನಸ್ಸಿನ ಒಂದು ಮೂಲೆ ಕುಣಿಯಿತು. ಇನ್ನೊಂದು ಮೂಲೆಯಲ್ಲಿ ಮೇ ತಿಂಗಳು ಕೂತಿತ್ತು. ಅಷ್ಟರಲ್ಲಿ ಅವನ ಫೋನ್ ಹೊಡೆದುಕೊಂಡಿತು. ಪ್ರೀಮಾ. ಅವನು ಅದನ್ನು ನನ್ನ ಸಕ್ಕರೆ ಡಬ್ಬಕ್ಕೆ ಒರಗಿಸಿ ಸ್ಪೀಕರಿಗೆ ಹಾಕಿದ.

ಅಳಿಸುವ ಮೊದಲು ಒಂದು ಸಲ ನಾನು ಹೇಳಿದ ಹಾಗೆ ಮಾಡಿ, ಆಮೇಲೆ ನಿಮ್ಮಿಷ್ಟ ಎಂದಳು. “ನೀನು” ಹೋಗಿ “ನೀವು” ವಾಪಸು ಬಂದಿತ್ತು. ಕಂಪ್ಯೂಟರು ಹತ್ತುವಾಗಲೇ ಒಂದು ಗುಂಡಿ ಒತ್ತಿ ಹಿಡಿಯಬೇಕು, ಹೊಸ ಲಿನಕ್ಸಿನ ಕೆಳಗೆ ಹಳೆಯದು ಇನ್ನೂ ಕೂತಿರುತ್ತದೆ, ಅದನ್ನು ಆಯ್ದುಕೊಳ್ಳಬೇಕು. ಲಿನಕ್ಸಿನವರು ಹಳೆಯದನ್ನು ಕೂಡಲೇ ಬಿಸಾಡುವುದಿಲ್ಲವಂತೆ, ನಮ್ಮ ಅತ್ತೆಯ ಹಾಗೆ. ವಿಲ್ಫಿ ಒತ್ತಿದ, ಆಯ್ದುಕೊಂಡ. ಪರದೆ ಒಮ್ಮೆ ಮಿನುಗಿತು. ಬಣ್ಣ ಬಂತು. ನನಗೆ ಎಷ್ಟು ಸಂತೋಷವಾಯಿತೆಂದರೆ ಎರಡೂ ಕೈಯಲ್ಲಿ ಚಪ್ಪಾಳೆ ಹೊಡೆದೆ. ವಿಲ್ಫಿಯ ಮುಖವೂ ಸ್ವಲ್ಪ ಸಡಿಲಾಯಿತು. ಆಟ ತೆರೆದು ನೋಡುತ್ತೇನೆ ಎಂದ.

ಆಗ ನನಗೆ ತೋಡಿನ ನೆನಪಾಯಿತು.

ತಡೆಯುವುದರೊಳಗೆ ಲಾರಿ ಬಂದೇ ಬಂತು. ಯಾವುದೋ ದೂರದ ಊರಿನ ರಸ್ತೆ ಬದಿ, ಮುಂದಿನ ಚಕ್ರಗಳು ತೋಡಿನಲ್ಲಿ, ಹಿಂದಿನ ಭಾಗ ಆಕಾಶಕ್ಕೆ. ವಿಲ್ಫಿ ಕುರ್ಚಿಯಿಂದ ಅರ್ಧ ಎದ್ದ. ಅವನ ಉದ್ಗಾರ ಕಿವಿಗೆ ಬಿದ್ದು ಪ್ರೀಮಾ ಏನಾಯಿತು ಎಂದು ಕೇಳಿದಳು. ಲಾರಿಯನ್ನು ಶೆಡ್ಡಿನಲ್ಲಿ ನಿಲ್ಲಿಸಿದ್ದೆ, ಈಗ ತೋಡಿನಲ್ಲಿದೆ ಎಂದು ಅವನು ತೊದಲಿದ.

“ಅಪ್‌ಡೇಟ್ ನೀವು ಮಾಡ್ಲಿಲ್ಲ. ಲಾರಿಯೂ ನೀವು ಬಿಡ್ಲಿಲ್ಲ. ಲಿನಕ್ಸೇ ಬಿಟ್ಟದ್ದು ಅಲ್ವಾ?” ಎಂದಳು ಪ್ರೀಮಾ. ದನಿಯಲ್ಲಿ ಸಿಟ್ಟಿರಲಿಲ್ಲ, ಮುಗಿಯಿತು ಎನ್ನುವ ಹಾಗಿತ್ತು. ವಿಲ್ಫಿ ನನ್ನ ಕಡೆ ತಿರುಗಿದ. ಸಂಶಯದಿಂದಲ್ಲ. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಮಾಡದ ತಪ್ಪಿಗೆ ಪೆಟ್ಟು ತಿಂದು ಬಂದಾಗ ಬೀಡಿಯ ಮೊರದ ಮುಂದೆ ನಿಂತು ನನ್ನನ್ನು ನೋಡುತ್ತಿದ್ದನಲ್ಲ, ಹಾಗೆ ನೋಡಿದ. ಸುತ್ತಮುತ್ತ ಸುಲಿಯಲು ಒಂದು ಬೆಳ್ಳುಳ್ಳಿಯೂ ಉಳಿದಿರಲಿಲ್ಲ. ನಾನು ಎದ್ದು, ಸಕ್ಕರೆ ಡಬ್ಬದ ಹತ್ತಿರ ಹೋಗಿ, ದೂರದ ಊರಿಗೆ ಕೇಳಬೇಕಲ್ಲ ಎಂದು ಬೇಕಾದುದಕ್ಕಿಂತ ಜೋರಾಗಿಯೇ ಹೇಳಿದೆ:

“ಪ್ರೀಮಾ, ಅವನು ಸುಳ್ಳು ಹೇಳ್ಲಿಲ್ಲ. ಅಪ್‌ಡೇಟ್ ಒತ್ತಿದ್ದು ನಾನು, ಲಾರಿ ಬಿಟ್ಟದ್ದೂ ನಾನೇ, ಬಾಯಿ ಮುಚ್ಚಿ ಕೂತು ನಿಮ್ಮಿಬ್ಬರನ್ನು ಜಗಳಕ್ಕೆ ಹಾಕಿದ್ದೂ ನಾನೇ. ವಿಲ್ಫಿ, ತಪ್ಪಾಯ್ತು ಮಗಾ, ನನ್ನನ್ನು ಕ್ಷಮಿಸಿಬಿಡು. ನೀನೂ ಕ್ಷಮಿಸು ಪ್ರೀಮಾ. ಮತ್ತೆ, ಅದನ್ನು ಹಿಂದಕ್ಕೆ ತೆಗೆಯುವುದು ಹೇಗೆ ಅಂತ ಯಾರಾದ್ರೂ ಒಬ್ರು ನನಗೆ ಹೇಳಿಕೊಡಿ.”