ಸೋದರಮಾವನ ತೊಡೆ

ಸಂಗಮೇಶನ ಮಾನ ಹೋದದ್ದು ಒಂದು ಬ್ಯಾಟರಿ ಮಂಗನಿಂದ.

ಐದು ತಿಂಗಳ ಹಿಂದಿನ ಮಾತು. ತಂಗಿ ಸುರೇಖಾ ಬಾಣಂತನ ಮುಗಿಸಿಕೊಂಡು ಝಳಕಿಯ ಗಂಡನ ಮನೆಗೆ ಹೋದ ದಿನ, ತೊಟ್ಟಿಲ ಕಾರ್ಯದಲ್ಲಿ, ಅವನು ಸೋದರಸೊಸೆಯ ಮುಂದೆ ತಾಳ ಬಡಿಯುವ ಮಂಗವೊಂದನ್ನು ಇಟ್ಟು ಗುಂಡಿ ಒತ್ತಿದ್ದ. ಮಂಗ ಕೆಂಪು ಕಣ್ಣು ಮಿಟುಕಿಸಿ, ಹಲ್ಲು ಕಿರಿದು, ಟಣಟಣ ಬಡಿಯಿತು. ಕೂಸು ರಾಜಶ್ರೀ ಒಂದು ಗಳಿಗೆ ಉಸಿರು ಹಿಡಿದಳು. ಆಮೇಲೆ ಅವಳು ಅತ್ತ ಅಳು ಹೆದ್ದಾರಿಯ ಲಾರಿಯವರಿಗೂ ಕೇಳಿಸಿತೆಂದು ಝಳಕಿಯವರು ಈಗಲೂ ಹೇಳುತ್ತಾರೆ. ಸಂಗಮೇಶನ ತೊಡೆಯ ಮೇಲೆ ಅವಳು ನಿಲ್ಲಲಿಲ್ಲ. ಕಡೆಗೆ ಚಿಕ್ಕಪ್ಪನ ಮಗ ಸುಭಾಸ, ಸಿಂದಗಿಯಲ್ಲಿ ಮೊಬೈಲ್ ಅಂಗಡಿ ಇಟ್ಟವನು, ಎತ್ತಿಕೊಂಡ. ಕೂಸು ಸುಮ್ಮನಾಯಿತು. ಅದೇ ಹೊತ್ತಿಗೆ ಫೋಟೋದವನು ಫೋಟೋ ಹೊಡೆದ. ಆ ಫೋಟೋ ಈಗ ಬೀಗರ ಪಡಸಾಲೆಯಲ್ಲಿ ಕಟ್ಟು ಹಾಕಿಸಿಕೊಂಡು ಕೂತಿದೆ: ಕೂಸು, ಸುಭಾಸ, ಮತ್ತು ಅಂಚಿನಲ್ಲಿ ಮಂಗನನ್ನು ಹಿಡಿದ ಸಂಗಮೇಶನ ಒಂದು ಕೈ.

ಇಂದು ಆ ಕೂಸಿನ ಜಾವಳ. ಹುಟ್ಟುಗೂದಲು ತೆಗೆಯುವ ಕಾರ್ಯ. ಅದಕ್ಕೆ ಕೂಸು ಕೂರಬೇಕಾದದ್ದು ಸೋದರಮಾವನ ತೊಡೆಯ ಮೇಲೆಯೇ. ಮೊದಲ ಕತ್ತರಿ ಅವನದು, ಸ್ನಾನವಾದ ಮೇಲೆ ಹೊಸ ಅಂಗಿ ಹಾಕಿ ಮತ್ತೆ ಅವನ ತೊಡೆಯ ಮೇಲೇ ಆರತಿ.

ಬೆಳಿಗ್ಗೆ ಆರಕ್ಕೇ ಸುರೇಖಾಳ ಫೋನು ಬಂತು.

"ಅಣ್ಣಾ, ಅತ್ತಿ ನಿನ್ನೆ ಮಂದಿ ಮುಂದ ಏನಂದ್ರು ಗೊತ್ತೈತೇನು? ಕೂಸು ಈ ಸಲಾನೂ ಅತ್ರ ಸುಭಾಸನ ತೊಡಿ ಮ್ಯಾಲ ಕುಂದರಸೂಣು, ಅವನೂ ಮಾವನ ಅಂದ್ರು."

"ಹಂಗೆಂಗಾಕ್ಕೈತಿ? ಒಡಹುಟ್ಟಿದಾವ ನಾ ಇದ್ದೇನಲ್ಲ!"

"ಅವ್ವ ಇಲ್ಲ. ಅಪ್ಪಗ ಮೊಣಕಾಲ ಬ್ಯಾನಿ, ಬರಾಂಗಿಲ್ಲ. ತವರುಮನಿ ಅಂತ ಇರಾವ ನೀ ಒಬ್ಬ. ಕೂಸು ಸುಮ್ಮ ಇರೂವಂಥಾದ್ದು ಒಂದು ಆಟಗಿ ಸಾಮಾನು ತಗೊಂಡು ಬಾ. ಮಂಗ್ಯಾನ ಮಾತ್ರ ತರಬ್ಯಾಡ." ಅಷ್ಟು ಹೇಳಿದವಳ ದನಿ ಒಡೆಯಿತು.

ಇಂಡಿ ಪೇಟೆಯ ನಿಂಬೆಹಣ್ಣಿನ ದಲಾಲಿ ಅಂಗಡಿಯಲ್ಲಿ ಹಣ್ಣು ಆರಿಸುವುದು ಸಂಗಮೇಶನ ಕೆಲಸ. ಕಣ್ಣು ಮುಚ್ಚಿಕೊಂಡು ಮುಟ್ಟಿದರೂ ರಸದ ಕಾಯಿ ಯಾವುದು, ಒಣ ಕಾಯಿ ಯಾವುದು ಎಂದು ಹೇಳಿಬಿಡುತ್ತಿದ್ದ. ಆದರೆ ಹನ್ನೊಂದು ತಿಂಗಳ ಕೂಸಿಗೆ ಏನು ಬೇಕೆಂದು ಯಾವ ದಲಾಲಿಗೆ ತಿಳಿದೀತು? ಯೋಚನೆ ಬಂದಾಗ ಅವನ ಕೈ ತಾನಾಗಿ ಮೀಸೆಗೆ ಹೋಗುತ್ತಿತ್ತು. ನಾಲ್ಕು ವರ್ಷ ಎಣ್ಣೆ ಹಚ್ಚಿ ಸಾಕಿದ ಮೀಸೆ. ಇಡೀ ಓಣಿಯಲ್ಲಿ ಅವನದೆಂದು ಹೇಳಿಕೊಳ್ಳಬಹುದಾದ ಆಸ್ತಿ ಅದೊಂದೇ.

ಓಣಿಯಲ್ಲಿ ಸುದ್ದಿ ಹರಡಲು ಹಲ್ಲುಜ್ಜುವಷ್ಟು ಹೊತ್ತು ಸಾಕಾಯಿತು. ಎದುರುಮನೆಯ ಶೇವಂತೆವ್ವ ಮುದುಕಿ ಕಸಬರಿಗೆ ಹಿಡಿದೇ ಬಂದಳು.

"ಹೆಣ್ಣ ಕೂಸಿಗೆ ಗೊಂಬಿ ಬೇಕೋ ತಮ್ಮಾ. ಕೂಸಿನಷ್ಟ ಎತ್ತರಾದ್ದು. ಕಣ್ಣ ತಗದು ಮುಚ್ಚೂದು. ನಾ ಸಣ್ಣಾಕಿದ್ದಾಗ ಗೌಡರ ಮನ್ಯಾಗ ನೋಡಿದ್ದೆ, ಮುಟ್ಟಾಕ ಕೊಡಲಿಲ್ಲ."

ಹಿಂದಿನ ಮನೆಯ ನಿವೃತ್ತ ಮಾಸ್ತರರು ಗೋಡೆಯ ಮೇಲಿಂದ ಇಣುಕಿದರು. "ಅಕ್ಷರದ ಹಲಗಿ ಒಯ್ಯಿ. ಈಗಿಂದ ರೂಢಿ ಆಗಬೇಕು. ಗೊಂಬಿಯಿಂದ ಯಾರ ಉದ್ಧಾರ ಆಗ್ಯಾರ?"

ದಲಾಲಿ ಅಂಗಡಿಯ ಸಾಹುಕಾರ, ರಜೆ ಕೇಳಲು ಫೋನು ಮಾಡಿದರೆ, ರಜೆಗಿಂತ ಮೊದಲು ಸಲಹೆಯನ್ನೇ ಕೊಟ್ಟ. "ಜೀಪ್ ತಗೋ. ಪೊಲೀಸ್ ಜೀಪ್. ಸೈರನ್ ಇರಬೇಕ್ ನೋಡು." ಸಾಹುಕಾರನಿಗೆ ಪೊಲೀಸನಾಗುವ ಆಸೆಯಿತ್ತೆಂದು ಅಂಗಡಿಯವರಿಗೆಲ್ಲ ಗೊತ್ತಿತ್ತು.

ಬಸ್‌ಸ್ಟ್ಯಾಂಡಿನ ಹತ್ತಿರ ಆಟಿಕೆ ಮಾರುವ ರೋಷನಬಿ ಮೂವತ್ತು ವರ್ಷದಿಂದ ಆ ಕಟ್ಟೆಯ ಮೇಲೆ ಕೂತವಳು. ಅವಳು ಎಲ್ಲ ಕೇಳಿ, ಮೂಲೆಯಿಂದ ಒಂದು ಬಟ್ಟೆಯ ಚೆಂಡು ತೆಗೆದಳು. ಅದಕ್ಕೆ ನಾಲ್ಕಾರು ದಾರದ ಗೊಂಡೆ ಕಟ್ಟಿತ್ತು.

"ಇದನ್ನ ಒಯ್ರಿ. ವರ್ಸದ ಒಳಗಿನ ಕೂಸಿಗೆ ಮೂರ ಬೇಕ್ರಿ. ಕೈಯಾಗ ಹಿಡಿಯಾಕ ಬರಬೇಕು, ಜಗ್ಗಾಕ ಬರಬೇಕು, ಬಾಯಾಗ ಇಡಾಕ ಬರಬೇಕು. ಮತ್ತ ಮನಶಾರ ಮಾರಿ ನೋಡೂದಂದ್ರ ಎಲ್ಲಾಕಿಂತ ಖುಷಿ. ಈ ಸದ್ದು ಮಾಡೂವೆಲ್ಲ ದೊಡ್ಡವ್ರು ತಮ್ಮ ಸಲವಾಗಿ ಒಯ್ತಾರ."

"ಖಾಲಾ, ಬೀಗರ ಮುಂದ ಇಷ್ಟ ಸಣ್ಣ ಚೆಂಡ ಹಿಡಕೊಂಡ ಹೆಂಗ ಹೋಗ್ಲಿ? ಮಾವ ಇಷ್ಟ ತಂದಾನ ಅಂತಾರ."

"ಆಡೂದು ಕೂಸೋ, ಬೀಗ್ರೋ?"

ಅವಳು ನಕ್ಕು ಚೆಂಡನ್ನು ಮತ್ತೆ ಮೂಲೆಗೆ ಎಸೆದಳು. ಸಂಗಮೇಶ ಮೂರನ್ನೂ ಕಟ್ಟಿಸಿಕೊಂಡ: ಕೂಸಿನೆತ್ತರದ ಗೊಂಬೆ, ಅಕ್ಷರದ ಹಲಗೆ, ಸೈರನ್ನಿನ ಜೀಪು.

ಝಳಕಿಯ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿದ್ದೇ ಆ ದಿನದ ಕೊನೆಯ ಅದೃಷ್ಟ. ಊರು ದಾಟಿ ಎರಡು ಮೈಲಿ ಹೋಗುವುದರೊಳಗೆ, ಚೀಲದಲ್ಲಿ ಗೊಂಬೆಯ ಕಾಲು ತಗುಲಿ ಜೀಪಿನ ಸೈರನ್ನು ಶುರುವಾಯಿತು. ಡ್ರೈವರ್ ಕನ್ನಡಿ ನೋಡಿದ. ಹಿಂದೆ ಅಂಬುಲೆನ್ಸ್ ಬಂತೆಂದು ಬಸ್ಸನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿದ. ಯಾವುದೂ ಮುಂದೆ ಹೋಗಲಿಲ್ಲ. ಸೈರನ್ನು ನಿಂತಿತು, ಬಸ್ಸು ಹೊರಟಿತು. ಮೊದಲ ತಗ್ಗಿಗೆ ಬಸ್ಸು ಕುಪ್ಪಳಿಸಿದ್ದೇ ಮತ್ತೆ ಸೈರನ್ನು, ಮತ್ತೆ ಪಕ್ಕಕ್ಕೆ. ಮೂರನೆಯ ಸಲ ಕಂಡಕ್ಟರ್ ಸೀಟು ಸೀಟಿಗೂ ಕಿವಿ ಇಡುತ್ತ ಬಂದ.

"ಯಾರ ಚೀಲರೀ ಇದು?"

ಸಂಗಮೇಶ ಹೊರಗಿನ ಹೊಲ ನೋಡತೊಡಗಿದ. ಚೀಲ ಅವನ ತೊಡೆಯ ಮೇಲೇ ಕೂಗುತ್ತಿತ್ತು.

ಜೀಪಿನ ಬಾಯಿ ಮುಚ್ಚಿಸಲು ಇಡೀ ಬಸ್ಸು ಕೈ ಹಚ್ಚಿತು. ಒಬ್ಬ ಗುಂಡಿ ಒತ್ತಿದ, ಇನ್ನೊಬ್ಬ ಚಕ್ರ ತಿರುಗಿಸಿದ, ಬ್ಯಾಟರಿ ತೆಗೆಯಲು ಯಾರ ಹತ್ತಿರವೂ ಸ್ಕ್ರೂಡ್ರೈವರ್ ಇರಲಿಲ್ಲ. ಕೊನೆಗೆ ಲಚ್ಯಾಣಕ್ಕೆ ಹೋಗುವ ದಪ್ಪ ಹೆಂಗಸೊಬ್ಬಳು, "ಇತ್ತ ತಾ ಇಲ್ಲೆ" ಎಂದು ಅದನ್ನು ಸೀಟಿನ ಮೇಲಿಟ್ಟು ಮೇಲೆ ಕೂತುಬಿಟ್ಟಳು. ಸೈರನ್ನು ಒಂದು ಸಲ ಕುಂಯ್ ಎಂದು ಪ್ರಾಣ ಬಿಟ್ಟಿತು.

ಈ ಗದ್ದಲದಲ್ಲಿ ಮುಕ್ಕಾಲು ತಾಸು ತಡವಾಯಿತು. ಬೀಗರ ಅಂಗಳದಲ್ಲಿ ಕಂಬಳಿ ಹಾಸಿತ್ತು, ಕ್ಷೌರದ ಈರಣ್ಣ ಕತ್ತಿ ಮಸೆಯುತ್ತಿದ್ದ. ಸುರೇಖಾಳ ಅತ್ತೆ ಸಾತವ್ವ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಸುಭಾಸ ಇಸ್ತ್ರಿಯ ಅಂಗಿಯಲ್ಲಿ ಮೊದಲೇ ಬಂದು ಕೂತಿದ್ದ. ಅವನ ತುಟಿಯ ಮೇಲೆ ಹೊಸ ಮೀಸೆಯೊಂದು ದಟ್ಟವಾಗಿ ಬೆಳೆದಿತ್ತು.

"ಅಣ್ಣಾ, ನಿಂದು ನೋಡೇ ಬಿಟ್ಟೇನಿ. ಹೆಂಗೈತಿ?"

"ಚಲೋ ಐತಿ" ಎಂದ ಸಂಗಮೇಶ. ಚಲೋ ಇದ್ದದ್ದೇ ಅವನಿಗೆ ಸೇರಲಿಲ್ಲ.

"ಮುಹೂರ್ತ ಮೀರಾಕತ್ತೈತಿ, ಕುಂದರಪಾ ಲಗೂನ" ಎಂದಳು ಸಾತವ್ವ.

ಕೂಸು ತೊಡೆಗೆ ಬಂತು. ಅಂಗಳದ ತುಂಬ ಹೆಂಗಸರು ಉಸಿರು ಬಿಗಿಹಿಡಿದು ನೋಡಿದರು. ಸಂಗಮೇಶ ಮೊದಲ ಕತ್ತರಿ ಹಾಕಿದ. ಕೂಸಿನ ಕೆಳತುಟಿ ಮುಂದೆ ಬಂತು.

"ಜೀಪ ತೋರ್ಸು!" ಎಂದಳು ಸುರೇಖಾ. ಜೀಪು ಚಪ್ಪಟೆಯಾಗಿತ್ತು. ಕೂಸು ಅದನ್ನು ನೋಡಲೂ ಇಲ್ಲ. ಅಕ್ಷರದ ಹಲಗೆಯನ್ನು ಒಂದು ಸಲ ನೆಕ್ಕಿ, ಬೀಸಿ ಒಗೆಯಿತು. ಅದು ನೇರ ಸಾತವ್ವನ ಹೆಬ್ಬೆರಳಿನ ಮೇಲೆ ಬಿತ್ತು. "ಯವ್ವಾ!" ಎಂದಳು ಸಾತವ್ವ. ಗೊಂಬೆ ಕಣ್ಣು ತೆರೆದು ಮುಚ್ಚಿದ್ದೇ, ತನ್ನಷ್ಟೇ ಎತ್ತರದ ಆ ಹೆಣ್ಣನ್ನು ಕಂಡು ಕೂಸು ಬಾಯಿ ತೆರೆಯಿತು. ಅಳು ಗಂಟಲಿಗೆ ಬಂದಿತ್ತು. ಸುಭಾಸ ಅರ್ಧ ಎದ್ದು ನಿಂತ.

ಆಗ ಕೂಸಿನ ಕಣ್ಣು ಮಾವನ ಮುಖದ ಮೇಲೆ ಬಿತ್ತು. ಕೈ ನಿಧಾನಕ್ಕೆ ಮೇಲೆ ಬಂತು. ಐದು ಪುಟ್ಟ ಬೆರಳು ಸಂಗಮೇಶನ ಎಡಮೀಸೆಯನ್ನು ಹಿಡಿದು ಜಗ್ಗಿದವು.

ಕೂಸು ನಕ್ಕಿತು. ಇನ್ನೊಂದು ಸಲ ಜಗ್ಗಿತು, ಇನ್ನೂ ಜೋರಾಗಿ ನಕ್ಕಿತು. ಸಂಗಮೇಶನ ಕಣ್ಣಲ್ಲಿ ನೀರು ಬಂತು, ಅರ್ಧ ನೋವಿಗೆ, ಅರ್ಧ ಆನಂದಕ್ಕೆ. ಹಿಡಿಯಾಕ ಬರಬೇಕು, ಜಗ್ಗಾಕ ಬರಬೇಕು ಎಂದಿದ್ದಳಲ್ಲ ರೋಷನಬಿ! ತನ್ನ ಮೂಗಿನ ಕೆಳಗೇ ಇದ್ದದ್ದನ್ನು ಬಿಟ್ಟು ಅವನು ಪೇಟೆಯೆಲ್ಲ ಸುತ್ತಿದ್ದ.

ಈರಣ್ಣ ನೆತ್ತಿ ಮುಗಿಸಿದ, ಮುಂದಲೆ ಮುಗಿಸಿದ. ಹಿಂದಲೆಗೆ ಬಂದಾಗ ಕತ್ತಿ ನಿಂತಿತು.

"ಕೂಸಿನ ಮಾರಿ ಅತ್ತ ತಿರುಗಬೇಕ್ರಿ. ಮೀಸಿ ಬಿಡಸ್ರಿ."

ಬಿಡಿಸಲು ಹೋದರೆ ಕೆಳತುಟಿ ಮುಂದೆ ಬರುತ್ತಿತ್ತು. ಸುಭಾಸ ಮತ್ತೆ ಅರ್ಧ ಎದ್ದ. ಸಾತವ್ವ ಕೈಗಡಿಯಾರದವರನ್ನು ಹೊತ್ತೆಷ್ಟೆಂದು ಕೇಳಿದಳು. ಸಂಗಮೇಶ ತಂಗಿಯ ಮುಖ ನೋಡಿದ. ಅವಳು ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ನಿಂತಿದ್ದಳು. ತವರುಮನೆಯೆಂದರೆ ಈಗ ತನ್ನ ಎರಡು ತೊಡೆಗಳೇ ಎಂದು ಅವನಿಗೆ ಅನ್ನಿಸಿತು.

"ಕತ್ತರಸ್ರಿ" ಎಂದ.

"ಏನ್ರಿ?"

"ಮೀಸಿರೀ. ಕತ್ತರಸ್ರಿ."

ಕತ್ತರಿ ಕಚಕ್ ಎಂದಿತು. ನಾಲ್ಕು ವರ್ಷದ ಎಣ್ಣೆ ಕುಡಿದ ಎಡಮೀಸೆ ಕೂಸಿನ ಮುಷ್ಟಿಯಲ್ಲಿ ಉಳಿಯಿತು. ರಾಜಶ್ರೀ ಅದನ್ನು ತಿರುವಿ ಮುರುವಿ ನೋಡುತ್ತ, ತಲೆ ನುಣ್ಣಗಾಗುವವರೆಗೆ ಪಿಟ್ಟೆನ್ನಲಿಲ್ಲ. ಹೆಂಗಸರು ಚಪ್ಪಾಳೆ ತಟ್ಟಿದರು. "ಮಾವ ಅಂದ್ರ ಹಿಂಗಿರಬೇಕ್ ನೋಡ್ರಿ" ಎಂದಳು ಯಾರೋ. ಸುರೇಖಾ ಅಳುತ್ತ ನಕ್ಕಳು. ಸುಭಾಸ ಪೂರ್ತಿ ಕೂತುಬಿಟ್ಟ.

ಕೂಸನ್ನು ಸ್ನಾನಕ್ಕೆ ಒಳಗೆ ಒಯ್ದರು. ಈರಣ್ಣ ಸಂಗಮೇಶನ ಮುಂದೆ ಕನ್ನಡಿ ಹಿಡಿದ.

"ಅರ್ಧಾ ಮೀಸ್ಯಾಗ ಆರತಿಗೆ ಕುಂದರತೀರೇನ್ರಿ? ಫೋಟೋ ಬ್ಯಾರೆ ಹೊಡಿತಾರ. ಒಂದ ನಿಮಿಷ, ಇನ್ನೊಂದೂ ತಗದಬಿಡ್ತೇನಿ."

ಮಾತು ಸರಿಯೆನ್ನಿಸಿತು. ಗೆದ್ದ ಮನುಷ್ಯನಿಗೆ ಎಲ್ಲ ಮಾತೂ ಸರಿಯೆನ್ನಿಸುತ್ತದೆ. ಈರಣ್ಣ ನೀರು ಹಚ್ಚಿ ನುಣ್ಣಗೆ ಬೋಳಿಸಿದ. ಸಂಗಮೇಶ ಕಂಬಳಿಯ ಮೇಲೆ ಚಕ್ಕಳಮಕ್ಕಳ ಹಾಕಿ, ಬೆನ್ನು ನೆಟ್ಟಗೆ ಮಾಡಿ, ತೊಡೆ ಸಿದ್ಧವಾಗಿಟ್ಟುಕೊಂಡು ಕೂತ. ಫೋಟೋದವನು ಕ್ಯಾಮೆರಾ ಎತ್ತಿದ.

ಹೊಸ ಅಂಗಿ ತೊಟ್ಟ ಕೂಸು ಬಂತು. ಸುರೇಖಾ ಹೆಮ್ಮೆಯಿಂದ ಅಣ್ಣನ ತೊಡೆಯ ಮೇಲೆ ಇಟ್ಟಳು. ರಾಜಶ್ರೀ ತಲೆಯೆತ್ತಿ ನೋಡಿದಳು. ಮೀಸೆಯ ಮಾವ ಇರಲಿಲ್ಲ. ಆ ಜಾಗದಲ್ಲಿ ಯಾವನೋ ಬೋಳುಮುಖದವನು ಹಲ್ಲು ಕಿರಿಯುತ್ತಿದ್ದ. ಅವಳು ಒಂದು ಗಳಿಗೆ ಉಸಿರು ಹಿಡಿದಳು. ಆಮೇಲೆ ಅತ್ತ ಅಳುವಿನ ಮುಂದೆ ಮಂಗನ ದಿನದ್ದು ಏನೂ ಅಲ್ಲ.

"ನಾನ ಅದೇನಿ, ಮಾವ ನಾನ!" ಎಂದ ಸಂಗಮೇಶ. ಅವಳು ಇನ್ನೂ ಜೋರಾಗಿ ಅತ್ತಳು.

ಕುಂಟುತ್ತ ಬಂದ ಸಾತವ್ವ ಅವನ ಮುಖ ನೋಡಿ ಆರತಿಯ ತಟ್ಟೆಯನ್ನೇ ಕೆಳಗಿಟ್ಟಳು. ಅವರ ಜನರಲ್ಲಿ ಮಗ ಮೀಸೆ ಬೋಳಿಸುವುದು ಅಪ್ಪ ಸತ್ತಾಗ ಮಾತ್ರ.

"ಅಯ್ ಸಂಗಪ್ಪಾ! ಕಲ್ಲಿನಂಥಾ ಅಪ್ಪನ ಮನ್ಯಾಗ ಇಟಗೊಂಡು ಮೀಸಿ ತಗಸಿಯಲ್ಲೋ! ಶುಭಕಾರ್ಯದಾಗ ಈ ಮಾರಿ ಇಟಗೊಂಡು ಕುಂದರತಿಯೇನು? ಏಳ ಮೊದಲ! ಸುಭಾಸಾ, ಬಾರಪಾ ನೀ."

ಸುಭಾಸ ಬಂದು ಕೂತ. ಕೂಸು ಅವನ ಮೀಸೆ ನೋಡಿತು, ಕೈ ಚಾಚಿತು, ಹಿಡಿಯಿತು, ನಕ್ಕಿತು. ಫೋಟೋದವನು ಒಂದಲ್ಲ, ಆರು ಫೋಟೋ ಹೊಡೆದ.

ಹೊರಡುವಾಗ ಸುರೇಖಾ ಅಣ್ಣನ ಕೈಗೆ ಚೀಲ ಕೊಟ್ಟಳು. ಗೊಂಬೆ, ಹಲಗೆ, ಚಪ್ಪಟೆ ಜೀಪು ವಾಪಸು. "ಮಂಗ್ಯಾನೂ ಒಳಗ ಇಟ್ಟೇನಿ ಅಣ್ಣಾ" ಎಂದಳು, ಮುಖ ನೋಡದೆ. ಅವಳಿಗೆ ಅವನ ಮೇಲೆ ಸಿಟ್ಟಿರಲಿಲ್ಲ, ಅದೇ ಅವನನ್ನು ಹೆಚ್ಚು ಸುಟ್ಟಿತು.

ಇಳಿಹೊತ್ತಿಗೆ ಇಂಡಿಯ ಓಣಿಗೆ ಕಾಲಿಟ್ಟಾಗ ಶೇವಂತೆವ್ವ ಕಟ್ಟೆಯ ಮೇಲಿದ್ದಳು. ಮೊದಲು ಬೋಳು ತುಟಿ ಕಂಡಿತು, ಆಮೇಲೆ ಜೋತುಬಿದ್ದ ಮುಖ. ಬೆಳಗಿನಿಂದ ಅವನ ಅಪ್ಪ ಭೂತಾಳಪ್ಪನನ್ನು ಅವಳು ಕಂಡಿರಲಿಲ್ಲ. ಅಷ್ಟು ಸಾಕಾಯಿತು.

"ಅಯ್ಯಯ್ಯ, ಹೋದ್ಯಾ ಭೂತಾಳಣ್ಣಾ! ಹೇಳದ ಕೇಳದ ಹೋದ್ಯಾ!"

ಅವಳ ದನಿಗೆ ನಾಲ್ಕು ಮನೆಯ ಬಾಗಿಲು ತೆರೆದವು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಬಂದರು. ಮಾಸ್ತರರು ಸಂಗಮೇಶನನ್ನು ಅಪ್ಪಿಕೊಂಡು, "ಧೈರ್ಯ ತಗೋ, ಯಾರೂ ಶಾಶ್ವತ ಅಲ್ಲ" ಎಂದರು. ಸಂಗಮೇಶ ಏನೋ ಹೇಳಲು ಹೋದ. ಮಾಸ್ತರರು ಅವನ ಬಾಯಿಯನ್ನು ತಮ್ಮ ಹೆಗಲಿಗೆ ಒತ್ತಿಕೊಂಡಿದ್ದರು.

ಗದ್ದಲಕ್ಕೆ ಎಚ್ಚರವಾಗಿ ಭೂತಾಳಪ್ಪ ಒಳಗಿನಿಂದ ಕೋಲೂರಿಕೊಂಡು ಬಂದ. ಶೇವಂತೆವ್ವ ಎದೆ ಬಡಿದುಕೊಳ್ಳುತ್ತ ಕಣ್ಣು ಮುಚ್ಚಿದ್ದಳು, ಅವಳಿಗೆ ಕಾಣಲಿಲ್ಲ. ಮುದುಕ ಜನರನ್ನು ಸರಿಸಿ ಮುಂದೆ ಬಂದು, ಮಗನ ಬೋಳುಮುಖ ನೋಡಿದ. ಅವನ ಕಣ್ಣೂ ತುಂಬಿದವು.

"ಯಾರ ಹೋದ್ರೋ ತಮ್ಮಾ?" ಎಂದು ನಡುಗುವ ದನಿಯಲ್ಲಿ ಕೇಳಿದ.

ಸಂಗಮೇಶನ ಕೈಯಿಂದ ಚೀಲ ಜಾರಿ ಕೆಳಗೆ ಬಿತ್ತು. ಒಳಗಿದ್ದ ಮಂಗ ತಾಳ ಬಡಿಯತೊಡಗಿತು.